ಧರ್ಮ, ಬಿಟ್ಟಿ, ಉಚಿತ: ರೈಲು ನಿಲ್ದಾಣದ ತಂಗುದಾಣವನ್ನು ಕುರಿತ ಒಂದು ವಿವೇಚನೆ

ದಾರಿಹೋಕನಿಗೆ ನೆರಳು, ನೀರು ಮತ್ತು ತಂಗಲು ಎಡೆಯನ್ನು ಒದಗಿಸುವುದು ಕನ್ನಡ ಸಮಾಜದಲ್ಲಿ ಬಹು ಹಿಂದಿನಿಂದಲೂ ಪುಣ್ಯಕಾರ್ಯವೆಂದು ಪರಿಗಣಿತವಾಗಿದೆ. ನಮ್ಮ ಶಾಸನಗಳಲ್ಲಿ ಕೆರೆ, ಬಾವಿ, ತೋಪುಗಳ ಜೊತೆಗೆ ಸತ್ರ ಮತ್ತು ಅರವಟಿಗೆಗಳೂ ದತ್ತಿಯ ವಿಷಯಗಳಾಗಿ ಮತ್ತೆ ಮತ್ತೆ ಬರುತ್ತವೆ. ಶಾಸನಗಳನ್ನು ಆಧರಿಸಿದ ಸಾಂಸ್ಕೃತಿಕ ಅಧ್ಯಯನಗಳು ಇವುಗಳನ್ನು ಸಾಕಷ್ಟು ವಿವರವಾಗಿಯೇ ಚರ್ಚಿಸಿವೆ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಅದೇ ದಾರಿಹೋಕನು ಕುಳಿತು, ಮಲಗಿ, ಕಾದು ಕಾಲ ಕಳೆದಿರುವ ಸ್ಥಳ ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿ. ಇದನ್ನು ನಾವು ಆಡಳಿತದ ಒಂದು ಅನುಕೂಲವೆಂದು ನೋಡಿದ್ದೇವೆಯೇ ಹೊರತು ಸಂಸ್ಕೃತಿಯ ಒಂದು ಪಠ್ಯವೆಂದು ಓದುವ ಪ್ರಯತ್ನ ವಿರಳ.

ಈ ಕೊಠಡಿಯು ಅರವಟಿಗೆ ಮತ್ತು ಛತ್ರಗಳ ಮುಂದುವರಿಕೆಯೇ, ಅಥವಾ ಅವುಗಳಿಗಿಂತ ಮೂಲತಃ ಭಿನ್ನವಾದ ರಚನೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಮೇಲುನೋಟಕ್ಕೆ ಎರಡೂ ಒಂದೇ. ಎರಡೂ ಕಡೆ ಪ್ರಯಾಣಿಕ ಹಣ ಕೊಡದೆ ತಂಗುತ್ತಾನೆ. ಆದರೆ ಆತ ಯಾವ ಆಧಾರದ ಮೇಲೆ ತಂಗುತ್ತಾನೆ ಎಂದು ಕೇಳಿದಾಗ ಉತ್ತರಗಳು ಬೇರೆಯಾಗುತ್ತವೆ. ಛತ್ರದಲ್ಲಿ ದಾನಿಯ ಧರ್ಮ ಆಧಾರ. ನಿಲ್ದಾಣದಲ್ಲಿ ಕೈಯಲ್ಲಿರುವ ಟಿಕೇಟು ಆಧಾರ. ಈ ಪಲ್ಲಟವು ಒಂದು ಬಗೆಯ ಬಿಡುಗಡೆಯನ್ನೂ ಇನ್ನೊಂದು ಬಗೆಯ ಬಹಿಷ್ಕಾರವನ್ನೂ ಒಟ್ಟಿಗೇ ತಂದಿತು ಎಂಬುದು ಇಲ್ಲಿನ ಪ್ರತಿಪಾದನೆ. ಬೆಲೆ ಕೊಡದೆ ಪಡೆದುದನ್ನು ಹೆಸರಿಸಲು ಕನ್ನಡದಲ್ಲಿರುವ ಪದಗಳು ಈ ಪಲ್ಲಟವನ್ನು ಅರಿಯಲು ನೆರವಾಗುತ್ತವೆ. ಆದ್ದರಿಂದ ಚರ್ಚೆಯನ್ನು ಪದಗಳಿಂದಲೇ ಆರಂಭಿಸುವುದು ಯುಕ್ತ.

೧. ಪದಗಳ ಜಾಡು

‘ನಿಲ್ದಾಣ’ ಮತ್ತು ‘ತಂಗುದಾಣ’ ಎಂಬ ಎರಡು ಪದಗಳ ರಚನೆ ಒಂದೇ ಬಗೆಯದು. ಸಂಸ್ಕೃತದ ‘ಸ್ಥಾನ’ ಶಬ್ದದ ತದ್ಭವವಾದ ‘ತಾಣ’ವು ‘ನಿಲ್’ ಮತ್ತು ‘ತಂಗು’ ಧಾತುಗಳ ಮುಂದೆ ಬಂದು ತಕಾರಕ್ಕೆ ದಕಾರ ಆದೇಶವಾಗಿದೆ. ಅರ್ಥದಲ್ಲಿ ಮಾತ್ರ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ನಿಲ್ದಾಣವು ವಾಹನ ನಿಲ್ಲುವ ಜಾಗ; ತಂಗುದಾಣವು ಮನುಷ್ಯ ತಂಗುವ ಜಾಗ. ವಾಹನ ನಿಲ್ಲುವುದು ನಿಮಿಷಗಳ ಲೆಕ್ಕದಲ್ಲಿ. ಮನುಷ್ಯ ತಂಗುವುದು ಒಂದು ಹೊತ್ತು, ಒಂದು ರಾತ್ರಿ. ನಿಲ್ದಾಣದೊಳಗೆ ತಂಗುದಾಣವೊಂದು ಇರಬೇಕಾಗಿ ಬಂದದ್ದು ಈ ಎರಡು ಕಾಲಮಾನಗಳು ಒಂದಕ್ಕೊಂದು ಹೊಂದದೆ ಹೋದುದರಿಂದ.

ಕೊಠಡಿಗೆ ಬಳಕೆಯಲ್ಲಿರುವ ಇತರ ಹೆಸರುಗಳನ್ನೂ ಗಮನಿಸಬಹುದು. ‘ನಿರೀಕ್ಷಣಾ ಕೊಠಡಿ’ ಎಂಬುದು ನಮ್ಮಲ್ಲಿನ ಔಪಚಾರಿಕ ರೂಪ. ಹಿಂದಿಯ ‘ಪ್ರತೀಕ್ಷಾಲಯ’ವೂ ಫಲಕಗಳ ಮೂಲಕ ಪರಿಚಿತವಾಗಿದೆ. ಈ ಎರಡರ ಮೂಲದಲ್ಲೂ ‘ಈಕ್ಷ್’ ಎಂಬ ನೋಡುವ ಧಾತುವಿದೆ. ಬರುವುದನ್ನು ಕಣ್ಣಿಟ್ಟು ನೋಡುತ್ತ ಕುಳಿತಿರುವುದು ಎಂಬುದು ಇವುಗಳ ಧ್ವನಿ. ಉತ್ತರ ಭಾರತದ ನಿಲ್ದಾಣಗಳಲ್ಲಿ ಕೆಳದರ್ಜೆಯ ಪ್ರಯಾಣಿಕರ ಸಭಾಂಗಣಕ್ಕೆ ‘ಮುಸಾಫಿರಖಾನೆ’ ಎಂಬ ಹೆಸರು ನೆಲೆಯೂರಿತ್ತು. ಆಡುನುಡಿಯಲ್ಲಿ ‘ವೇಟಿಂಗ್ ರೂಮ್’ ಎಂಬುದೇ ಹೆಚ್ಚು ಪ್ರಚಲಿತ.

ಅಚ್ಚಗನ್ನಡದ ‘ಕಾಯು’ ಎಂಬ ಕ್ರಿಯಾಪದಕ್ಕೆ ಇವೆಲ್ಲಕ್ಕಿಂತ ಹೆಚ್ಚಿನ ವ್ಯಾಪ್ತಿಯಿದೆ. ಕಾಯುವುದೆಂದರೆ ಎದುರುನೋಡುವುದು, ಕಾಯುವುದೆಂದರೆ ರಕ್ಷಿಸುವುದೂ ಹೌದು. ನಿಲ್ದಾಣದ ಸಭಾಂಗಣದಲ್ಲಿ ಕುಟುಂಬವೊಂದು ನೆಲದ ಮೇಲೆ ಚಾದರ ಹಾಸಿ ಗಂಟುಮೂಟೆಗಳ ಸುತ್ತ ಮಲಗಿರುವಾಗ ಒಬ್ಬರಾದರೂ ಎಚ್ಚರವಾಗಿ ಕುಳಿತಿರುತ್ತಾರೆ. ಅವರು ರೈಲನ್ನು ಕಾಯುತ್ತಿದ್ದಾರೆ, ಮಲಗಿದವರನ್ನೂ ಕಾಯುತ್ತಿದ್ದಾರೆ. ಈ ಎರಡು ಕೆಲಸಗಳನ್ನು ಒಂದೇ ಮಾತು ಹೇಳಬಲ್ಲದೆಂಬುದು ಕನ್ನಡದ ಅನುಭವಲೋಕದ ವಿಶೇಷ.

ಬೆಲೆಯಿಲ್ಲದೆ ದೊರೆತುದನ್ನು ಸೂಚಿಸುವ ಪದಗಳು ನಮ್ಮ ಚರ್ಚೆಗೆ ಇನ್ನೂ ಮುಖ್ಯವಾದವು. ‘ಧರ್ಮಕ್ಕೆ ಸಿಕ್ಕಿತು’ ಎನ್ನುವಾಗ ಕೊಟ್ಟವನ ಪುಣ್ಯದ ಕಡೆಗೆ ದೃಷ್ಟಿಯಿರುತ್ತದೆ. ‘ಪುಕ್ಕಟೆ’ ಎನ್ನುವಾಗ ಪಡೆದವನ ಬಗ್ಗೆ ತುಸು ಅನಾದರವಿರುತ್ತದೆ. ‘ಬಿಟ್ಟಿ’ ಎಂಬುದು ‘ವಿಷ್ಟಿ’ಯ ತದ್ಭವ. ಒಡೆಯನು ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆಗೆ ಈ ಹೆಸರು. ಬಡವನಿಂದ ಕಸಿದುಕೊಂಡುದನ್ನು ಸೂಚಿಸುತ್ತಿದ್ದ ಪದವೇ ಬಡವನಿಗೆ ಸುಮ್ಮನೆ ಸಿಕ್ಕಿತೆಂದು ಹಂಗಿಸುವ ಪದವಾಗಿ ಪರಿಣಮಿಸಿದ್ದು ಸಾಮಾಜಿಕ ಇತಿಹಾಸದ ದೃಷ್ಟಿಯಿಂದ ಚಿಂತನೀಯ. ಕೊನೆಯದು ‘ಉಚಿತ’. ಸಂಸ್ಕೃತದಲ್ಲಿ ಇದರ ಅರ್ಥ ತಕ್ಕದ್ದು, ಯೋಗ್ಯವಾದದ್ದು. ಕ್ಷೇಮೇಂದ್ರನ ಔಚಿತ್ಯ ವಿಚಾರವನ್ನು ಪಾಠ ಹೇಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡ ಮತ್ತು ತೆಲುಗುಗಳಲ್ಲಿ ಇದೇ ಪದ ‘ಬೆಲೆಯಿಲ್ಲದ್ದು’ ಎಂಬ ಅರ್ಥವನ್ನೂ ಪಡೆಯಿತು. ‘ಉಚಿತವಾದ ಮಾತು’ ಮತ್ತು ‘ಉಚಿತ ಪ್ರವೇಶ’ ಎಂಬ ಎರಡು ಪ್ರಯೋಗಗಳು ಇಂದಿಗೂ ಒಟ್ಟಿಗೆ ಬದುಕಿವೆ. ತಂಗುದಾಣವು ಧರ್ಮವೇ, ಬಿಟ್ಟಿಯೇ, ಉಚಿತವೇ ಎಂಬ ಪ್ರಶ್ನೆ ಹೀಗೆ ಕೇವಲ ಪದಪ್ರಯೋಗದ ಪ್ರಶ್ನೆಯಾಗಿ ಉಳಿಯುವುದಿಲ್ಲ.

೨. ಅರವಟಿಗೆ ಮತ್ತು ಛತ್ರ: ಧರ್ಮದ ಆಧಾರ

‘ಅರವಟಿಗೆ’ ಎಂಬ ಪದದ ಮೊದಲ ಭಾಗದಲ್ಲಿ ಧರ್ಮವೆಂಬ ಅರ್ಥದ ಹಳೆಯ ದ್ರಾವಿಡ ಪದ ‘ಅಱ’ ಇದೆ. ತಮಿಳಿನ ‘ಅಱಂ’ ಇದರ ಜ್ಞಾತಿಪದ. ಬೇಸಗೆಯಲ್ಲಿ ದಾರಿಯ ಬದಿಗೆ ಚಪ್ಪರ ಹಾಕಿ ನೀರು, ಮಜ್ಜಿಗೆ ಕೊಡುವ ಕ್ರಿಯೆಯನ್ನು ಧರ್ಮದ ಹೆಸರಿನಿಂದಲೇ ಕರೆದಿರುವುದು ಗಮನಾರ್ಹ. ‘ಸತ್ರ’ವಾದರೋ ಮೂಲದಲ್ಲಿ ದೀರ್ಘಕಾಲದ ಯಜ್ಞವನ್ನು ಸೂಚಿಸುವ ಪದ. ಅದು ಅನ್ನದಾನದ ಮನೆಗೆ ಹೆಸರಾಗಿ, ಕನ್ನಡದಲ್ಲಿ ‘ಛತ್ರ’ವೆಂದೂ ರೂಪ ತಾಳಿತು. ಕೊಡೆ ಎಂಬ ಅರ್ಥದ ‘ಛತ್ರ’ದೊಂದಿಗೆ ಧ್ವನಿಸಾಮ್ಯವಿದ್ದುದರಿಂದ ನೆರಳು ಕೊಡುವ ಮನೆ ಎಂಬ ಭಾವನೆಯೂ ಅದಕ್ಕೆ ಸೇರಿಕೊಂಡಿತು. ಇಂಗ್ಲಿಷರು ಇಂತಹ ಕಟ್ಟಡಗಳಿಗೆ ಬಳಸಿದ ‘ಚೌಲ್ಟ್ರಿ’ ಎಂಬುದು ನಮ್ಮ ‘ಚಾವಡಿ’ಯ ಅಪಭ್ರಂಶ.

ಈ ವ್ಯವಸ್ಥೆಯ ಕೇಂದ್ರದಲ್ಲಿ ಇರುವವನು ದಾನಿ. ಕಲ್ಲಿನ ಮೇಲೆ ದಾನಿಯ ಹೆಸರು, ಅವನ ವಂಶ, ಅವನು ಯಾರ ಪುಣ್ಯಕ್ಕಾಗಿ ದತ್ತಿ ಬಿಟ್ಟನೆಂಬ ವಿವರ ಇರುತ್ತದೆ. ಕೊನೆಗೆ ಶಾಪಾಶಯ ಬರುತ್ತದೆ. ಈ ಧರ್ಮವನ್ನು ಅಳಿದವನಿಗೆ ಘೋರ ಪಾಪ ತಟ್ಟುವುದೆಂದು ಮುಂದಿನ ತಲೆಮಾರುಗಳಿಗೆ ಎಚ್ಚರಿಕೆ ನೀಡಲಾಗುತ್ತದೆ. ತಂಗುವವನ ಹೆಸರು ಎಲ್ಲಿಯೂ ಇರುವುದಿಲ್ಲ. ಆತನು ದಾನಿಯ ಪುಣ್ಯಕ್ಕೆ ನಿಮಿತ್ತಮಾತ್ರ. ಆತನಿಗೆ ತಂಗಲು ಎಡೆ ದೊರೆಯುವುದು ಕೃಪೆಯಿಂದ. ಅಲ್ಲಿ ಹಕ್ಕಿನ ಮಾತಿಲ್ಲ.

ಆ ಕೃಪೆಗೂ ಎಲ್ಲೆಗಳಿದ್ದವು. ಅನೇಕ ಸತ್ರಗಳ ದತ್ತಿ ಬ್ರಾಹ್ಮಣ ಭೋಜನಕ್ಕೆಂದೇ ಮೀಸಲಾಗಿತ್ತು. ತಂಗಲು ಬಂದವನ ಜಾತಿ ಯಾವುದೆಂಬುದು ಮೊದಲು ತಿಳಿಯಬೇಕಾಗಿತ್ತು. ಜಗಲಿ, ಒಳಕೋಣೆ, ಅಡುಗೆಮನೆ, ಬಾವಿಕಟ್ಟೆಗಳಲ್ಲಿ ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಆ ಉತ್ತರವೇ ನಿರ್ಧರಿಸುತ್ತಿತ್ತು. ಶರಣರ ದಾಸೋಹದ ಕಲ್ಪನೆ ಈ ಎಲ್ಲೆಯನ್ನು ಮೀರಲು ನಡೆಸಿದ ದೊಡ್ಡ ಪ್ರಯತ್ನ. ಕೊಡುವವನು ತಾನು ದಾನಿಯೆಂಬ ಭಾವವನ್ನು ಬಿಟ್ಟು ದಾಸನಾಗಬೇಕೆಂಬುದು ಅದರ ತಿರುಳು. ಆದರೂ ಒಟ್ಟು ಸಮಾಜದ ತಂಗುದಾಣಗಳು ಜಾತಿಯ ಪ್ರಶ್ನೆಯಿಂದ ಬಿಡುಗಡೆ ಪಡೆದವೆಂದು ಹೇಳಲಾಗದು. ಮುಂದೆ ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ಇಲಾಖೆಯು ದೇವಾಲಯಗಳೊಂದಿಗೆ ಛತ್ರಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿತು. ಆಧುನಿಕ ಆಡಳಿತದ ಚೌಕಟ್ಟಿನೊಳಗೂ ತಂಗುದಾಣವು ಧರ್ಮದ ಖಾತೆಯಲ್ಲಿಯೇ ಉಳಿಯಿತೆಂಬುದಕ್ಕೆ ಇದು ನಿದರ್ಶನ.

೩. ಹೊತ್ತು ಮತ್ತು ಗಂಟೆ: ಕಾಯುವಿಕೆಯ ಹುಟ್ಟು

ಭಾರತದಲ್ಲಿ ಪ್ರಯಾಣಿಕರ ರೈಲು ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಓಡಿತು. ಬೆಂಗಳೂರು ದಂಡುಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು ೧೮೬೪ರಲ್ಲಿ. ೧೮೭೧ರಲ್ಲಿ ಮುಂಬಯಿ ಮತ್ತು ಮದರಾಸಿನ ಕಡೆಯ ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮ ಸಂಸ್ಥಾನದ ಮಾರ್ಗ ತೆರೆಯಿತು. ೧೮೭೬-೭೮ರ ಭೀಕರ ಬರದ ಬೆನ್ನಲ್ಲೇ ಬೆಂಗಳೂರು-ಮೈಸೂರು ಮಾರ್ಗ ನಿರ್ಮಾಣಗೊಂಡು ೧೮೮೦ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಹೀಗೆ ಎರಡು ದಶಕಗಳ ಅವಧಿಯಲ್ಲಿ ಕನ್ನಡ ನಾಡಿನ ಬೇರೆ ಬೇರೆ ಭಾಗಗಳ ಜನ ರೈಲಿಗಾಗಿ ಕಾಯುವುದನ್ನು ಕಲಿತರು.

‘ಕಲಿತರು’ ಎಂಬ ಮಾತನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ. ಕಾಲ್ನಡಿಗೆಯ ಅಥವಾ ಗಾಡಿಯ ಪ್ರಯಾಣದಲ್ಲಿ ತಂಗುವುದಿತ್ತು, ಇಂದಿನ ಅರ್ಥದಲ್ಲಿ ಕಾಯುವುದಿರಲಿಲ್ಲ. ದಣಿದಾಗ, ಕತ್ತಲಾದಾಗ ಪ್ರಯಾಣಿಕ ತಂಗುತ್ತಿದ್ದ. ಬೆಳಕು ಹರಿದಾಗ ಹೊರಡುತ್ತಿದ್ದ. ಹೊರಡುವ ಹೊತ್ತು ಅವನ ಕೈಯಲ್ಲಿಯೇ ಇತ್ತು. ರೈಲಿನಲ್ಲಿ ಹೊರಡುವ ಕಾಲವನ್ನು ವೇಳಾಪಟ್ಟಿ ನಿರ್ಧರಿಸುತ್ತದೆ. ಆ ವೇಳಾಪಟ್ಟಿಯೂ ಊರಿನ ಹೊತ್ತನ್ನು ಅನುಸರಿಸುತ್ತಿರಲಿಲ್ಲ. ಭಾರತೀಯ ಪ್ರಮಾಣ ಕಾಲವು ೧೯೦೬ರಲ್ಲಿ ಜಾರಿಗೆ ಬರುವ ಮೊದಲು ರೈಲುಗಳು ಮದರಾಸಿನ ಕಾಲವನ್ನು ಅನುಸರಿಸಿ ಓಡುತ್ತಿದ್ದವು. ನೆರಳು ನೋಡಿ ಹೊತ್ತನ್ನು ಅಳೆಯುತ್ತಿದ್ದ ರೈತನಿಗೆ ಮದರಾಸಿನ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿದೆ ಎಂದು ತಿಳಿಯುವ ಬಗೆ ಇರಲಿಲ್ಲ. ದೂರದ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬರುವವನಿಗೆ ಇದ್ದ ಒಂದೇ ಉಪಾಯವೆಂದರೆ ಬಹಳ ಮುಂಚೆಯೇ ಬಂದು ಕುಳಿತುಕೊಳ್ಳುವುದು. ಹೊತ್ತು ಮತ್ತು ಗಂಟೆಗಳ ನಡುವಿನ ಅಂತರವನ್ನು ಪ್ರಯಾಣಿಕನು ತನ್ನ ದೇಹದಿಂದ ತುಂಬಿಕೊಟ್ಟನು. ಆ ದೇಹಕ್ಕೆ ಒಂದು ಸೂರು ಬೇಕಾಯಿತು.

ಹಳಿಗಳ ಅಳತೆಯೂ ಕಾಯುವಿಕೆಯನ್ನು ಹೆಚ್ಚಿಸಿತು. ಮದರಾಸಿನಿಂದ ಬೆಂಗಳೂರಿಗೆ ಬಂದದ್ದು ಬ್ರಾಡ್‌ಗೇಜ್. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಮತ್ತು ಹುಬ್ಬಳ್ಳಿಯ ಕಡೆಗೆ ಹೋದದ್ದು ಮೀಟರ್‌ಗೇಜ್. ಗೇಜು ಬದಲಾಗುವಲ್ಲಿ ಗಾಡಿ ಬದಲಿಸಬೇಕು, ಗಂಟುಮೂಟೆ ಇಳಿಸಬೇಕು, ಮುಂದಿನ ಗಾಡಿಗಾಗಿ ಕೂರಬೇಕು. ೧೯೯೨ರಲ್ಲಿ ಏಕರೂಪ ಗೇಜಿನ ಯೋಜನೆ ಆರಂಭವಾಗುವವರೆಗೂ, ಅನೇಕ ಕಡೆ ಅದರ ನಂತರವೂ, ಇದು ನಮ್ಮ ಜಂಕ್ಷನ್ನುಗಳ ನಿತ್ಯದ ಚಿತ್ರ. ಕಾಯುವಿಕೆಯು ಪ್ರಯಾಣಿಕನ ಸೋಮಾರಿತನದಿಂದ ಹುಟ್ಟಿದ್ದಲ್ಲ. ಅದನ್ನು ವ್ಯವಸ್ಥೆಯೇ ಉತ್ಪಾದಿಸಿತು. ವ್ಯವಸ್ಥೆ ಹೇರಿದ ಈ ಕಾಯುವಿಕೆಗೆ ಆ ವ್ಯವಸ್ಥೆಯೇ ಸೂರು ಒದಗಿಸುವುದು ದಾನವಾಗಲಾರದು ಎಂಬ ಅಂಶವನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಒಳಿತು.

೪. ಟಿಕೇಟು ಮತ್ತು ಹುಟ್ಟು

ಟಿಕೇಟಿನ ಮೇಲೆ ಊರುಗಳ ಹೆಸರು, ದರ್ಜೆ, ದರ ಇರುತ್ತವೆ, ಜಾತಿ ಇರುವುದಿಲ್ಲ. ತಾತ್ತ್ವಿಕವಾಗಿ ಇದೊಂದು ದೊಡ್ಡ ಬದಲಾವಣೆ. ಛತ್ರದ ಬಾಗಿಲಲ್ಲಿ ‘ಯಾರು ನೀನು?’ ಎಂಬ ಪ್ರಶ್ನೆ ಇದ್ದರೆ ನಿಲ್ದಾಣದ ಬಾಗಿಲಲ್ಲಿ ‘ಎಲ್ಲಿ ಟಿಕೇಟು?’ ಎಂಬ ಪ್ರಶ್ನೆ ಇದೆ. ಮೊದಲನೆಯ ಪ್ರಶ್ನೆಗೆ ಉತ್ತರ ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ. ಎರಡನೆಯದಕ್ಕೆ ಕೆಲವು ಆಣೆಗಳಲ್ಲಿ ಉತ್ತರ ಕೊಳ್ಳಬಹುದು. ಅಸ್ಪೃಶ್ಯರೆನಿಸಿಕೊಂಡವರು, ಹೆಂಗಸರು, ಕೂಲಿಕಾರರು ಮೇಲ್ಜಾತಿಯವರೊಂದಿಗೆ ಒಂದೇ ಸೂರಿನ ಕೆಳಗೆ ಅನುಮತಿ ಕೇಳದೆ ಕೂರಬಹುದಾದ ಮೊದಲ ಸಾರ್ವಜನಿಕ ಒಳಾಂಗಣಗಳಲ್ಲಿ ನಿಲ್ದಾಣದ ಸಭಾಂಗಣವೂ ಒಂದು.

ಆದರೆ ತತ್ತ್ವಕ್ಕೂ ಆಚರಣೆಗೂ ನಡುವಿನ ಬಿರುಕನ್ನು ತೋರಿಸುವ ಎರಡು ಪ್ರಸಂಗಗಳು ನಮ್ಮ ಕಾಲದ ಇಬ್ಬರು ದೊಡ್ಡ ಚಿಂತಕರ ಬದುಕಿನಲ್ಲಿವೆ. ಎರಡೂ ರೈಲು ನಿಲ್ದಾಣದಲ್ಲಿಯೇ ನಡೆದವು. ೧೮೯೩ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯನ್ನು, ಅವರ ಬಳಿ ಮೊದಲ ದರ್ಜೆಯ ಟಿಕೇಟಿದ್ದರೂ, ಗಾಡಿಯಿಂದ ಹೊರದಬ್ಬಲಾಯಿತು. ಆ ಚಳಿಗಾಲದ ರಾತ್ರಿಯನ್ನು ಅವರು ಕಳೆದದ್ದು ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ. ಹಕ್ಕಿಗಾಗಿ ಹೋರಾಡಬೇಕೇ, ಹಿಂದಿರುಗಬೇಕೇ ಎಂದು ಅವರು ಯೋಚಿಸಿದ್ದು ಅಲ್ಲಿ ಕುಳಿತು.

ಎರಡನೆಯದು ಡಾ. ಬಿ. ಆರ್. ಅಂಬೇಡ್ಕರ್ ಅವರು ಬರೆದಿಟ್ಟಿರುವ, ಅವರ ನಿಧನಾನಂತರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಹೆಸರಿನಲ್ಲಿ ಪ್ರಕಟವಾದ ನೆನಪುಗಳಲ್ಲಿ ಬರುತ್ತದೆ. ೧೯೦೧ರಲ್ಲಿ ಸಾತಾರೆಯಿಂದ ತಂದೆಯನ್ನು ಕಾಣಲು ಹೊರಟ ಬಾಲಕ ಅಂಬೇಡ್ಕರ್ ಮತ್ತು ಜೊತೆಯ ಮಕ್ಕಳು ಮಸೂರ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿರುವುದಿಲ್ಲ. ಉಳಿದ ಪ್ರಯಾಣಿಕರೆಲ್ಲ ಹೋದ ಮೇಲೆ ಸ್ಟೇಷನ್ ಮಾಸ್ತರರು ಬಂದು ಮೊದಲು ಟಿಕೇಟು ಕೇಳುತ್ತಾರೆ. ಮಕ್ಕಳು ತೋರಿಸುತ್ತಾರೆ. ಒಳ್ಳೆಯ ಉಡುಪು ತೊಟ್ಟಿದ್ದ ಮಕ್ಕಳನ್ನು ಬ್ರಾಹ್ಮಣರೆಂದೇ ತಿಳಿದು ಅವರ ಸ್ಥಿತಿಗೆ ಮರುಗಿದ ಅವರು ಬಳಿಕ ನೀವು ಯಾರೆಂದು ಕೇಳುತ್ತಾರೆ. ಮಹಾರರು ಎಂಬ ಉತ್ತರ ಕೇಳಿದ ಕೂಡಲೇ ಮುಖಭಾವ ಬದಲಾಗಿ ತಮ್ಮ ಕೋಣೆಗೆ ಹೊರಟುಹೋಗುತ್ತಾರೆ. ಮಕ್ಕಳು ನಿಂತಲ್ಲಿಯೇ ನಿಂತಿರುತ್ತಾರೆ.

ಈ ಪ್ರಸಂಗದಲ್ಲಿ ಪ್ರಶ್ನೆಗಳ ಅನುಕ್ರಮವು ಬಹಳ ಮುಖ್ಯ. ಮೊದಲು ಟಿಕೇಟು, ನಂತರ ಜಾತಿ. ಆಧುನಿಕ ವ್ಯವಸ್ಥೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತಿತ್ತು. ಅಲ್ಲಿಗೆ ವಿಚಾರಣೆ ಮುಗಿಯಬೇಕಾಗಿತ್ತು. ಆದರೆ ಹಳೆಯ ಪ್ರಶ್ನೆ ಅದರ ಬೆನ್ನಿಗೇ ಬಂತು, ಬಂದು ಹೊಸ ಉತ್ತರವನ್ನು ರದ್ದುಗೊಳಿಸಿತು. ನಿಲ್ದಾಣದ ಕಟ್ಟಡ ರೈಲು ಕಂಪನಿಯದು, ಅದರೊಳಗಿನ ಮನಸ್ಸು ಛತ್ರದ್ದು. ವಸಾಹತು ಆಡಳಿತವೂ ಈ ಮನಸ್ಸಿನೊಂದಿಗೆ ರಾಜಿ ಮಾಡಿಕೊಂಡಿತು. ‘ಹಿಂದೂ ನೀರು’, ‘ಮುಸಲ್ಮಾನ ನೀರು’ ಎಂದು ನಿಲ್ದಾಣಗಳಲ್ಲಿ ಬೇರೆ ಬೇರೆ ನೀರಿನ ವ್ಯವಸ್ಥೆ ಇದ್ದುದು ಸುಪರಿಚಿತ ಸಂಗತಿ. ಟಿಕೇಟು ಜಾತಿಯನ್ನು ಅಳಿಸಲಿಲ್ಲ. ಆದರೆ ‘ನನ್ನ ಬಳಿ ಟಿಕೇಟಿದೆ’ ಎಂದು ವಾದಿಸಲು ಒಂದು ನೆಲೆಯನ್ನು ಒದಗಿಸಿತು. ಛತ್ರದಲ್ಲಿ ಅಂತಹ ವಾದಕ್ಕೆ ಅವಕಾಶವೇ ಇರಲಿಲ್ಲ. ಮೇಲಿನ ಎರಡೂ ಪ್ರಸಂಗಗಳು ಅನ್ಯಾಯದ ಪ್ರಸಂಗಗಳೆಂದು ನಮಗೆ ನಿಸ್ಸಂದೇಹವಾಗಿ ತೋರುವುದು ಈ ನೆಲೆ ಇರುವುದರಿಂದಲೇ.

೫. ದರ್ಜೆಯ ಭೇದ ಮತ್ತು ಟಿಕೇಟಿಲ್ಲದವರು

ಟಿಕೇಟು ಹುಟ್ಟಿನ ಬದಲು ಹಣವನ್ನು ಅಳತೆಗೋಲಾಗಿ ತಂದಿತು. ಮೇಲ್ದರ್ಜೆಯವರಿಗೆ ಒರಗುಕುರ್ಚಿ, ಕನ್ನಡಿ, ಸ್ನಾನಗೃಹಗಳಿದ್ದ ಕೊಠಡಿ. ಮೂರನೆಯ ದರ್ಜೆಯವರಿಗೆ ಬಹುತೇಕ ಕಡೆ ಒಂದು ಸೂರು ಮತ್ತು ನೆಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರನ್ನು ರೈಲು ಬರುವವರೆಗೆ ಪ್ಲಾಟ್‌ಫಾರಂಗೆ ಬಿಡದೆ ಹೊರಗಿನ ಚಪ್ಪರಗಳಲ್ಲಿ ಕೂಡಿಹಾಕುತ್ತಿದ್ದರೆಂಬ ದೂರುಗಳು ಮತ್ತೆ ಮತ್ತೆ ಕೇಳಿಬಂದವು. ಪ್ರಯಾಣಿಕರಲ್ಲಿ ಬಹುಪಾಲು ಜನ ಈ ದರ್ಜೆಯವರು. ಪ್ರಯಾಣಿಕರಿಂದ ಬರುತ್ತಿದ್ದ ಆದಾಯದ ದೊಡ್ಡ ಪಾಲು ಇವರದೇ. ಗಾಂಧೀಜಿ ೧೯೧೭ರಲ್ಲಿ ಮೂರನೆಯ ದರ್ಜೆಯ ಪ್ರಯಾಣವನ್ನು ಕುರಿತೇ ಪ್ರತ್ಯೇಕವಾಗಿ ಬರೆದು, ಆದಾಯ ತರುವವರಿಗೇ ಅನುಕೂಲ ಇಲ್ಲದಿರುವುದನ್ನು ಪ್ರಶ್ನಿಸಿದರು. ‘ಬಿಟ್ಟಿ’ಯ ಎರಡು ಅರ್ಥಗಳು ಇಲ್ಲಿ ಮುಖಾಮುಖಿಯಾಗುತ್ತವೆ. ಬಿಟ್ಟಿಯಾಗಿ ಸೂರು ಪಡೆದವನೆಂದು ಕಾಣಿಸಿಕೊಳ್ಳುವ ಬಡ ಪ್ರಯಾಣಿಕನ ಹಣದಿಂದಲೇ ಮೇಲ್ದರ್ಜೆಯ ಒರಗುಕುರ್ಚಿಯೂ ಬಂದಿರುವಾಗ ಯಾರು ಯಾರಿಗೆ ಬಿಟ್ಟಿ ದುಡಿದರು ಎಂಬ ಪ್ರಶ್ನೆ ಸಹಜ. ‘ಮೂರನೆಯ ದರ್ಜೆ’ ಎಂಬ ಹೆಸರು ೧೯೭೪ರಲ್ಲಿ ರದ್ದಾಗಿ ‘ಎರಡನೆಯ ದರ್ಜೆ’ಯಾಯಿತು. ಕೊಠಡಿಗಳ ವಿಭಜನೆ ಮಾತ್ರ ಹೊಸ ಹೆಸರುಗಳಲ್ಲಿ ಮುಂದುವರಿಯಿತು.

ಮಹಿಳೆಯರ ಪ್ರತ್ಯೇಕ ಕೊಠಡಿಯನ್ನು ಈ ವಿಭಜನೆಯ ಸಾಲಿಗೆ ಸೇರಿಸಲಾಗದು. ಮನೆಯಿಂದ ಹೊರಗೆ, ದೇವಸ್ಥಾನದಿಂದಲೂ ಹೊರಗೆ, ಹೆಣ್ಣು ಒಬ್ಬಳೇ ಕುಳಿತುಕೊಳ್ಳಬಹುದಾದ, ಮಗುವಿಗೆ ಹಾಲೂಡಿಸಬಹುದಾದ, ಬಾಗಿಲಿರುವ ಸಾರ್ವಜನಿಕ ಕೋಣೆಗಳು ನಮ್ಮಲ್ಲಿ ಬಹಳ ಕಡಿಮೆ. ಮಹಿಳೆಯರಿಗೆ ಮೀಸಲಾದ ಕೊಠಡಿಯನ್ನು ಪುರುಷರು ತಿಳಿದೂ ಪ್ರವೇಶಿಸುವುದನ್ನು ೧೯೮೯ರ ರೈಲ್ವೆ ಕಾಯ್ದೆ ಅಪರಾಧವೆಂದು ಪರಿಗಣಿಸಿತು. ಓದಿಗಾಗಿ, ಉದ್ಯೋಗಕ್ಕಾಗಿ ಹೆಣ್ಣುಮಕ್ಕಳು ಊರು ದಾಟಿದ ಚರಿತ್ರೆಯನ್ನು ಬರೆಯುವವರು ಈ ಕೊಠಡಿಯನ್ನು ಬಿಟ್ಟು ಮುಂದೆ ಹೋಗಲಾಗದು.

ಇನ್ನು ಟಿಕೇಟಿಲ್ಲದವರ ಮಾತು. ಅರವಟಿಗೆಗೂ ಛತ್ರಕ್ಕೂ ಭಿಕ್ಷುಕ, ಪರದೇಶಿ, ಬೈರಾಗಿಗಳು ಸಹಜ ಅತಿಥಿಗಳು. ಅವರಿಗಾಗಿಯೇ ಅವು ಇದ್ದವೆಂದರೂ ತಪ್ಪಲ್ಲ. ಅದೇ ೧೯೮೯ರ ಕಾಯ್ದೆಯಾದರೋ ನಿಲ್ದಾಣದಲ್ಲಿ ಭಿಕ್ಷೆ ಬೇಡುವುದನ್ನು ದಂಡನೀಯ ಅಪರಾಧವೆಂದು ಬರೆಯಿತು. ಪ್ರಯಾಣಿಕನಲ್ಲದವನು ಪ್ಲಾಟ್‌ಫಾರಂನೊಳಗೆ ಇರಲು ಬೇರೆ ಟಿಕೇಟು ಕೊಳ್ಳಬೇಕು. ಅದರ ಅವಧಿ ಎರಡು ಗಂಟೆ. ಶಾಸನದ ಶಾಪಾಶಯವು ಧರ್ಮವನ್ನು ಕೆಡಿಸುವ ಬಲಶಾಲಿಯನ್ನು ಉದ್ದೇಶಿಸಿದ್ದಿತು. ನಿಲ್ದಾಣದ ಫಲಕದಲ್ಲಿರುವ ದಂಡದ ಎಚ್ಚರಿಕೆಯು ಒಳಗೆ ಬಂದು ಕುಳಿತ ದುರ್ಬಲನನ್ನು ಉದ್ದೇಶಿಸುತ್ತದೆ. ಧರ್ಮದಿಂದ ಟಿಕೇಟಿಗೆ ಸಾಗಿದ ದಾರಿಯಲ್ಲಿ ಗಳಿಸಿದ್ದರ ಜೊತೆಗೆ ಕಳೆದುಕೊಂಡದ್ದೂ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವ ನಿದರ್ಶನ ಬೇಕಿಲ್ಲ.

೬. ನಿಲ್ದಾಣದ ಎದುರಿನ ಛತ್ರ

ಒಂದು ವ್ಯವಸ್ಥೆ ಹೋಗಿ ಇನ್ನೊಂದು ಬಂತೆಂಬ ಸರಳ ಚಿತ್ರಕ್ಕೆ ಬೆಂಗಳೂರಿನ ತೋಟದಪ್ಪ ಛತ್ರ ಅಪವಾದವಾಗಿ ನಿಲ್ಲುತ್ತದೆ. ವರ್ತಕರಾಗಿದ್ದ ಗುಬ್ಬಿ ತೋಟದಪ್ಪನವರು (೧೮೩೮-೧೯೧೦) ಬೆಂಗಳೂರು ಸಿಟಿ ನಿಲ್ದಾಣದ, ಅಂದರೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನು ಹೊತ್ತಿರುವ ನಿಲ್ದಾಣದ ಸಮೀಪದಲ್ಲಿ ಪ್ರಯಾಣಿಕರು ಉಚಿತವಾಗಿ ತಂಗಲೆಂದು ೧೯೦೩ರಲ್ಲಿ ಛತ್ರವನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳ ವಸತಿಯೂ ಆ ದತ್ತಿಯ ಉದ್ದೇಶಗಳಲ್ಲಿ ಸೇರಿತ್ತು. ಹಿಂದೆ ತೀರ್ಥಕ್ಷೇತ್ರದ ಬಳಿ, ಹೆದ್ದಾರಿಯ ಬದಿಗೆ ಕಟ್ಟಿಸುತ್ತಿದ್ದ ಛತ್ರವನ್ನು ಅವರು ರೈಲು ನಿಲ್ದಾಣದ ಬಳಿ ಕಟ್ಟಿಸಿದ್ದು ಹೊಸ ಕಾಲದ ದಾರಿಹೋಕ ಎಲ್ಲಿ ಇಳಿಯುತ್ತಾನೆಂಬುದರ ಅರಿವಿನಿಂದ. ರೈಲು ವ್ಯವಸ್ಥೆ ಕಾಯುವವನಿಗೆ ಸೂರು ಕೊಟ್ಟಿತು. ಆದರೆ ಊರಿಗೆ ಬಂದಿಳಿದವನಿಗೆ, ಆಸ್ಪತ್ರೆಗೋ ಕಚೇರಿಗೋ ಶಾಲೆಗೋ ಬಂದು ಉಳಿಯಬೇಕಾದವನಿಗೆ ಅದರಲ್ಲಿ ಜಾಗವಿರಲಿಲ್ಲ. ಆ ತೆರವನ್ನು ಧರ್ಮ ತುಂಬಿತು. ಬ್ರಿಟಿಷ್ ಸರಕಾರದ ‘ರಾವ್ ಬಹದ್ದೂರ್’ ಮತ್ತು ಮೈಸೂರು ಅರಸರ ‘ಧರ್ಮಪ್ರವರ್ತ’ ಎಂಬ ಎರಡು ಬಿರುದುಗಳು ಆ ಸಂಸ್ಥೆಯ ಹೆಸರಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದು ಈ ಸಂಧಿಕಾಲದ ಗುರುತು.

ದಾನಿಯ ಹೆಸರನ್ನು ಬರೆಸುವ ಪರಂಪರೆ ಇಂದಿಗೂ ನಿಂತಿಲ್ಲ. ನಮ್ಮ ರಸ್ತೆಬದಿಯ ‘ಪ್ರಯಾಣಿಕರ ತಂಗುದಾಣ’ಗಳ ಹಣೆಯ ಮೇಲೆ ಯಾವ ಜನಪ್ರತಿನಿಧಿಯ ಅನುದಾನದಲ್ಲಿ ಅದು ನಿರ್ಮಾಣವಾಯಿತೆಂಬುದು ದೊಡ್ಡ ಅಕ್ಷರಗಳಲ್ಲಿ ಇರುತ್ತದೆ. ತೆರಿಗೆಯ ಹಣ ದತ್ತಿಯ ವೇಷ ತೊಡುತ್ತದೆ. ರೈಲು ನಿಲ್ದಾಣದ ಕಲ್ಲುಬೆಂಚುಗಳ ಮೇಲೂ ಸೇವಾಸಂಸ್ಥೆಗಳ, ಬ್ಯಾಂಕುಗಳ, ತೀರಿಕೊಂಡವರ ಹೆಸರುಗಳನ್ನು ಕಾಣಬಹುದು. ಆದರೆ ಸಭಾಂಗಣಕ್ಕೆ ಮಾತ್ರ ಸಾಮಾನ್ಯವಾಗಿ ದಾನಿಯ ಹೆಸರಿಲ್ಲ. ಅಲ್ಲಿ ಕೂರುವವನು ಯಾರಿಗೂ ಋಣಿಯಾಗಬೇಕಾಗಿಲ್ಲ. ಇದು ಸಣ್ಣ ಸಂಗತಿಯಂತೆ ತೋರಿದರೂ ಧರ್ಮದ ತಂಗುದಾಣಕ್ಕೂ ಹಕ್ಕಿನ ತಂಗುದಾಣಕ್ಕೂ ಇರುವ ವ್ಯತ್ಯಾಸ ಇದರಲ್ಲಿಯೇ ಅಡಗಿದೆ.

೭. ಈ ಹೊತ್ತಿನ ಪಲ್ಲಟ

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಸ್ಥಳದ ಅರ್ಥ ಮತ್ತೊಮ್ಮೆ ಬದಲಾಗುತ್ತಿದೆ. ಅಮೃತ ಭಾರತ ನಿಲ್ದಾಣ ಯೋಜನೆಯಡಿ ೨೦೨೩ರ ಆಗಸ್ಟ್ ೬ರಂದು ದೇಶದ ೫೦೮ ನಿಲ್ದಾಣಗಳ ಪುನರ್ನಿರ್ಮಾಣಕ್ಕೆ ಶಂಕುಸ್ಥಾಪನೆ ನಡೆಯಿತು. ಈ ಯೋಜನೆಯ ಅಂಶಗಳಲ್ಲಿ ಸಾರ್ವಜನಿಕ ನಿರೀಕ್ಷಣಾ ಸಭಾಂಗಣಗಳ ಸುಧಾರಣೆಯೂ ಇದೆ, ಎಕ್ಸಿಕ್ಯೂಟಿವ್ ಲೌಂಜುಗಳೂ ಇವೆ. ಕೆಲವು ನಿಲ್ದಾಣಗಳಲ್ಲಿ ಹವಾನಿಯಂತ್ರಿತ ಕೊಠಡಿಗಳಿಗೆ ಗಂಟೆಯ ಲೆಕ್ಕದಲ್ಲಿ ದರ ನಿಗದಿಯಾಗಿದೆ. ಸಾರ್ವಜನಿಕರಿಗೆ ರೈಲ್ವೆ ಒದಗಿಸುವ ಪ್ಲಾಟ್‌ಫಾರಂ ಟಿಕೇಟು, ತಂಗುಕೋಣೆ, ನಿರೀಕ್ಷಣಾ ಕೊಠಡಿ ಮೊದಲಾದ ಸೇವೆಗಳನ್ನು ಸರಕು ಮತ್ತು ಸೇವಾ ತೆರಿಗೆಯಿಂದ ಹೊರಗಿಡಲು ಜಿಎಸ್‌ಟಿ ಮಂಡಲಿಯು ೨೦೨೪ರ ಜೂನ್‌ನಲ್ಲಿ ಶಿಫಾರಸು ಮಾಡಿತು. ವಿನಾಯಿತಿ ಸ್ವಾಗತಾರ್ಹವೇ. ಆದರೆ ವಿನಾಯಿತಿ ಕೊಡಬೇಕಾದರೆ ಕಾಯುವ ಕೊಠಡಿಯು ಮೊದಲು ‘ಬೆಲೆಯುಳ್ಳ ಸೇವೆ’ಗಳ ಪಟ್ಟಿಗೆ ಸೇರಿರಬೇಕಾಗುತ್ತದೆ ಎಂಬುದನ್ನು ಮರೆಯಲಾಗದು.

ಲೌಂಜು ಇರುವುದೇ ತಪ್ಪೆಂಬುದು ಇಲ್ಲಿನ ವಾದವಲ್ಲ. ಮೇಲ್ದರ್ಜೆಯ ಕೊಠಡಿ ಮೊದಲಿನಿಂದಲೂ ಇತ್ತು. ಯಾರು ಹೆಚ್ಚು ಹೊತ್ತು ಕಾಯುತ್ತಾರೆ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಕಾಯ್ದಿರಿಸಿದ ಆಸನವುಳ್ಳವನು, ಕೈಯಲ್ಲಿನ ದೂರವಾಣಿಯಲ್ಲಿ ರೈಲಿನ ಚಲನೆಯನ್ನು ನೋಡಿಕೊಂಡು, ಹತ್ತು ನಿಮಿಷ ಮುಂಚೆ ಬರಬಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೊರಟ ಕುಟುಂಬವು ಕೊನೆಯ ಬಸ್ಸು ಹಿಡಿದು ಸಂಜೆಗೇ ನಿಲ್ದಾಣ ಸೇರಬೇಕು. ಕಾಯ್ದಿರಿಸದ ಬೋಗಿಯಲ್ಲಿ ಜಾಗ ಹಿಡಿಯಲು ಮುಂಚೆಯೇ ಅಣಿಯಾಗಿರಬೇಕು. ಹೊತ್ತು ಮತ್ತು ಗಂಟೆಗಳ ನಡುವಿನ ಹಳೆಯ ಅಂತರವು ಅನುಕೂಲಸ್ಥರ ಪಾಲಿಗೆ ಮುಚ್ಚಿದೆ. ಬಡವರ ಪಾಲಿಗೆ ತೆರೆದೇ ಇದೆ. ೨೦೨೦ರ ಮಾರ್ಚ್‌ನಲ್ಲಿ ಪ್ರಯಾಣಿಕರ ರೈಲುಗಳು ನಿಂತು, ಮೇ ೧ರಿಂದ ಶ್ರಮಿಕ ರೈಲುಗಳು ಓಡತೊಡಗಿದ ಅವಧಿಯಲ್ಲಿ ಕಾಯಲು ಸೂರಿಲ್ಲದ ಪ್ರಯಾಣಿಕನ ಸ್ಥಿತಿಯನ್ನು ಇಡೀ ದೇಶ ಕಂಡಿತು. ಹೀಗೆ ಹೆಚ್ಚು ಕಾಯುವವರೇ ಕಡಿಮೆ ಹಣವುಳ್ಳವರು. ಕಾಯುವುದಕ್ಕೆ ಗಂಟೆಯ ದರ ನಿಗದಿಯಾದಷ್ಟೂ ಅದರ ಹೊರೆ ಹೊರಲಾರದವರ ಮೇಲೆಯೇ ಬೀಳುತ್ತದೆ.

ಉಪಸಂಹಾರ

ಈವರೆಗಿನ ಚರ್ಚೆಯಿಂದ ಮೂರು ಅಂಶಗಳನ್ನು ಕ್ರೋಡೀಕರಿಸಬಹುದು. ಮೊದಲನೆಯದಾಗಿ, ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿಯು ಅರವಟಿಗೆ, ಛತ್ರಗಳ ನೇರ ಮುಂದುವರಿಕೆಯಲ್ಲ; ಅದರ ಆಧಾರ ಧರ್ಮದಿಂದ ಟಿಕೇಟಿಗೆ ಪಲ್ಲಟಗೊಂಡಿದೆ. ಎರಡನೆಯದಾಗಿ, ಈ ಪಲ್ಲಟವು ದಾನಿಯ ಹಂಗಿನಿಂದಲೂ, ತಾತ್ತ್ವಿಕವಾಗಿ ಜಾತಿಯ ಪ್ರಶ್ನೆಯಿಂದಲೂ ಪ್ರಯಾಣಿಕನನ್ನು ಬಿಡಿಸಿತು. ಆಚರಣೆಯಲ್ಲಿ ಜಾತಿ ಬಹುಕಾಲ ಉಳಿಯಿತು, ಹಣದ ದರ್ಜೆ ಹೊಸದಾಗಿ ಸೇರಿತು, ಟಿಕೇಟಿಲ್ಲದ ನಿರ್ಗತಿಕನಿಗೆ ಹಳೆಯ ಧರ್ಮದಲ್ಲಿದ್ದ ಎಡೆಯೂ ಇಲ್ಲವಾಯಿತು. ಮೂರನೆಯದಾಗಿ, ಕಾಯುವಿಕೆಯನ್ನು ಉತ್ಪಾದಿಸಿದ್ದು ರೈಲು ವ್ಯವಸ್ಥೆಯೇ ಆದುದರಿಂದ ಕಾಯುವವನಿಗೆ ಸೂರು ಒದಗಿಸುವುದು ದಾನವೂ ಅಲ್ಲ, ಮಾರಾಟದ ಸರಕೂ ಅಲ್ಲ.

ಹಾಗಾದರೆ ಅದು ಏನು? ಈ ಪ್ರಶ್ನೆಗೆ ಕನ್ನಡದ ‘ಉಚಿತ’ ಪದವೇ ಉತ್ತರವನ್ನು ಸೂಚಿಸುವಂತಿದೆ. ಬೆಲೆಯಿಲ್ಲದ್ದು ಎಂಬ ಅರ್ಥವನ್ನಷ್ಟೇ ಹಿಡಿದರೆ ‘ಉಚಿತ’ವು ಪುಕ್ಕಟೆಯ ಪರ್ಯಾಯವಾಗುತ್ತದೆ, ಆಗ ಅದನ್ನು ಇಂದು ಕೊಟ್ಟು ನಾಳೆ ಹಿಂತೆಗೆದುಕೊಳ್ಳಬಹುದು. ತಕ್ಕದ್ದು ಎಂಬ ಅರ್ಥವನ್ನು ಜೊತೆಗೆ ಹಿಡಿದರೆ ಬೆಲೆಯಿಲ್ಲದಿರುವುದೇ ಅಲ್ಲಿ ಔಚಿತ್ಯವೆಂದಾಗುತ್ತದೆ. ‘ಉಚಿತ ತಂಗುದಾಣ’ ಎಂಬ ಪದಪುಂಜವನ್ನು ಈ ಎರಡೂ ಅರ್ಥಗಳಲ್ಲಿ ಒಟ್ಟಿಗೆ ಓದುವ ಅವಕಾಶವನ್ನು ನಮ್ಮ ಭಾಷೆ ಉಳಿಸಿಕೊಂಡು ಬಂದಿದೆ. ಆಡಳಿತ ಪರಿಭಾಷೆಯ ರಚನೆಯಲ್ಲಿ ತೊಡಗಿರುವವರು, ಸಂಸ್ಕೃತಿ ಅಧ್ಯಯನದ ವಿದ್ಯಾರ್ಥಿಗಳು ಮತ್ತು ಶಾಸನಗಳ ಸತ್ರ-ಅರವಟಿಗೆಗಳನ್ನು ಪಾಠ ಹೇಳುವ ಅಧ್ಯಾಪಕರು ಈ ಅವಕಾಶವನ್ನು ಬಳಸಿಕೊಳ್ಳಬೇಕಾಗಿದೆ. ಜಂಕ್ಷನ್ನುಗಳ ತಂಗುದಾಣಗಳ ಫಲಕಗಳು, ಅಲ್ಲಿ ಕಾದವರ ನೆನಪುಗಳು ಮತ್ತು ಗುಳೆ ಹೋದವರ ಮೌಖಿಕ ಕಥನಗಳನ್ನು ಸಂಗ್ರಹಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ತುರ್ತಿನ ಕ್ಷೇತ್ರಕಾರ್ಯ.